ಓ2 ಸಾಕೇ, ಓ3 ಬೇಕೇ? ಕಂಪೈಲರ್ ಆಯ್ಕೆಗಳನ್ನು ತೂಗಿ ನೋಡುವ ಬಗೆ

ಸಂಖ್ಯೆಗಳು ತುಂಬಿದ ದೊಡ್ಡ ಅರೇ ಒಂದಿದೆ ಎಂದುಕೊಳ್ಳಿ. ಲೂಪ್ ಒಂದೊಂದೇ ಸಂಖ್ಯೆಯನ್ನು ಎತ್ತಿ ನೋಡುತ್ತದೆ. 128 ಅಥವಾ ಅದಕ್ಕಿಂತ ದೊಡ್ಡದಾಗಿದ್ದರೆ ಮೊತ್ತಕ್ಕೆ ಕೂಡಿಸುತ್ತದೆ, ಇಲ್ಲದಿದ್ದರೆ ಬಿಟ್ಟು ಮುಂದೆ ಹೋಗುತ್ತದೆ. ಇಷ್ಟೇ ಕೆಲಸ. ಈ ನಾಲ್ಕು ಸಾಲಿನ ಸಿ ಕೋಡನ್ನು ಕಂಪೈಲರ್ ಎರಡು ಬಗೆಯಲ್ಲಿ ಮಷೀನ್ ಕೋಡಿಗೆ ಇಳಿಸಬಲ್ಲದು. 'ಇಫ್' ಅನ್ನು ಇದ್ದ ಹಾಗೆಯೇ ಬ್ರ್ಯಾಂಚ್ ಆಗಿ ಉಳಿಸಿ, ಷರತ್ತು ಸುಳ್ಳಾದಾಗ ಜಿಗಿಯುವುದು ಒಂದು ಬಗೆ. ಜಿಗಿತವನ್ನೇ ತೆಗೆದುಹಾಕಿ, ಕೂಡಿಸಿದ ಮೊತ್ತ ಮತ್ತು ಕೂಡಿಸದ ಮೊತ್ತ ಎರಡನ್ನೂ ಕೈಯಲ್ಲಿಟ್ಟುಕೊಂಡು, ಕಂಡಿಷನಲ್ ಮೂವ್ ಎಂಬ ಇನ್‌ಸ್ಟ್ರಕ್ಷನ್‌ನಿಂದ ಬೇಕಾದದ್ದನ್ನು ಆರಿಸಿಕೊಳ್ಳುವುದು ಇನ್ನೊಂದು ಬಗೆ.

ಎರಡರಲ್ಲಿ ಯಾವುದು ವೇಗ? ಕೋಡನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಉತ್ತರ ಸಿಗುವುದಿಲ್ಲ, ಏಕೆಂದರೆ ಉತ್ತರ ಇರುವುದು ಡೇಟಾದಲ್ಲಿ. ಸಂಖ್ಯೆಗಳು ಅಡ್ಡಾದಿಡ್ಡಿಯಾಗಿದ್ದರೆ ಜಿಗಿತ ಯಾವ ಕಡೆಗೆಂದು ಮೊದಲೇ ಊಹಿಸುವ ಪ್ರೊಸೆಸರಿನ ಬ್ರ್ಯಾಂಚ್ ಪ್ರಿಡಿಕ್ಟರ್ ಹೆಚ್ಚುಕಡಿಮೆ ಅರ್ಧದಷ್ಟು ಸಲ ತಪ್ಪು ಊಹಿಸುತ್ತದೆ, ಒಂದೊಂದು ತಪ್ಪಿಗೂ ಸುಮಾರು 15ರಿಂದ 20 ಸೈಕಲ್ (ಪ್ರೊಸೆಸರಿನ ಗಡಿಯಾರದ ಬಡಿತ) ದಂಡ ತೆರಬೇಕು. ಅಲ್ಲಿ ಕಂಡಿಷನಲ್ ಮೂವ್ ಹಲವು ಪಟ್ಟು ಮುಂದೆ. ಅದೇ ಸಂಖ್ಯೆಗಳನ್ನು ಮೊದಲೇ ಸಾರ್ಟ್ ಮಾಡಿಟ್ಟಿದ್ದರೆ ಪ್ರಿಡಿಕ್ಟರ್ ತಪ್ಪುವುದೇ ಅಪರೂಪ. ಆಗ ಬ್ರ್ಯಾಂಚ್ ಬಹುಪಾಲು ಬಿಟ್ಟಿ. ಕಂಡಿಷನಲ್ ಮೂವ್ ಮಾತ್ರ ಪ್ರತಿ ಸುತ್ತಿನಲ್ಲೂ ಹಿಂದಿನ ಸುತ್ತಿನ ಮೊತ್ತ ಸಿದ್ಧವಾಗುವವರೆಗೆ ಕಾದು, ಕೂಡಿಸಿ, ಮತ್ತೆ ಆರಿಸಬೇಕು. ಆ ಸರಪಳಿ ಉದ್ದವಾದಷ್ಟೂ ಲೂಪ್ ನಿಧಾನ.

ಕೋಡನ್ನು ಎಷ್ಟರ ಮಟ್ಟಿಗೆ ಆಪ್ಟಿಮೈಸ್ ಮಾಡಬೇಕು, ಅಂದರೆ ವೇಗಗೊಳಿಸಬೇಕು, ಎಂದು ಕಂಪೈಲರಿಗೆ ಹೇಳುವ ಆಯ್ಕೆಗಳು ಓ2 (-O2), ಓ3 (-O3) ಮುಂತಾದವು. ಓ3 ಹೆಚ್ಚಿನ ಮಟ್ಟ. ಜಿಸಿಸಿ ಎಂಬ ಕಂಪೈಲರಿನ ಕೆಲವು ಹಳೆಯ ಆವೃತ್ತಿಗಳಲ್ಲಿ ಇಂಥ ಲೂಪಿಗೆ ಓ2 ಕೊಟ್ಟರೆ ಬ್ರ್ಯಾಂಚ್, ಓ3 ಕೊಟ್ಟರೆ ಕಂಡಿಷನಲ್ ಮೂವ್ ಬರುತ್ತಿತ್ತು. ಸಾರ್ಟ್ ಆದ ಡೇಟಾ ಇದ್ದವರಿಗೆ 'ಹೆಚ್ಚು' ಆಪ್ಟಿಮೈಸೇಶನ್ ಕೊಟ್ಟ ಮೇಲೆ ಪ್ರೋಗ್ರಾಮ್ ನಿಧಾನವಾಗುತ್ತಿತ್ತು. ಕಂಪೈಲರಿನಲ್ಲಿ ದೋಷವೇನೂ ಇರಲಿಲ್ಲ. ನಿಮ್ಮ ಡೇಟಾ ಹೇಗಿದೆ ಎಂದು ಅದಕ್ಕೆ ಗೊತ್ತಿಲ್ಲದ ಕಾರಣ ಅದು ಒಂದು ಬಾಜಿ ಕಟ್ಟಿತು, ಬಾಜಿ ಸೋತಿತು.

ಆಪ್ಟಿಮೈಸೇಶನ್ ಆಯ್ಕೆಗಳನ್ನು ನಾನು ನೋಡುವುದು ಹೀಗೆಯೇ. ಒಂದೊಂದು ಫ್ಲ್ಯಾಗೂ (ಕಂಪೈಲರಿಗೆ ಕೊಡುವ ಆಯ್ಕೆ) ನಿಮ್ಮ ಡೇಟಾ, ನಿಮ್ಮ ಪ್ರೊಸೆಸರ್, ನಿಮ್ಮ ಕೋಡಿನ ಬಗ್ಗೆ ಕಟ್ಟುವ ಒಂದೊಂದು ಬಾಜಿ. ಹಾಗಾಗಿ ಕೆಳಗಿನ ಹೋಲಿಕೆಯಲ್ಲಿ ಪ್ರತಿ ಆಯ್ಕೆಯೂ ಏನನ್ನು ಊಹಿಸುತ್ತದೆ, ಆ ಊಹೆ ಎಲ್ಲಿ ಕೈಕೊಡುತ್ತದೆ ಎನ್ನುವುದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಉದಾಹರಣೆಗಳು ಜಿಸಿಸಿ ಮತ್ತು ಕ್ಲ್ಯಾಂಗ್ ಎಂಬ ಕಂಪೈಲರುಗಳ ಸುತ್ತಲಿನವು. ಅವಸರದಲ್ಲಿರುವವರಿಗೆ ನನ್ನ ತೀರ್ಮಾನ ಈಗಲೇ ಹೇಳಿಬಿಡುತ್ತೇನೆ: ಓ2ರಿಂದ ಶುರು ಮಾಡಿ, ನಿಜವಾದ ಬಳಕೆಯನ್ನು ಹೋಲುವ ಪರೀಕ್ಷಾ ಡೇಟಾ ಇದ್ದರೆ ಓ3ಗಿಂತ ಮೊದಲು ಪಿಜಿಒ (ಪ್ರೋಗ್ರಾಮನ್ನು ಓಡಿಸಿ ಸಿಕ್ಕ ಲೆಕ್ಕ ನೋಡಿ ಮತ್ತೆ ಕಂಪೈಲ್ ಮಾಡುವ ವಿಧಾನ) ಪ್ರಯತ್ನಿಸಿ, ದಶಮಾಂಶ ಲೆಕ್ಕದ ನಿಯಮಗಳನ್ನು ಸಡಿಲಿಸುವ ಫಾಸ್ಟ್-ಮ್ಯಾತ್ ಅನ್ನು ಇಡೀ ಪ್ರೋಗ್ರಾಮಿಗೆ ಎಂದೂ ಕೊಡಬೇಡಿ.

ಓ0, ಓಜಿ, ಓ1

ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓ0 ಎಂದರೆ ಆಪ್ಟಿಮೈಸೇಶನ್ ಇಲ್ಲ: ಪ್ರತಿ ವೇರಿಯೆಬಲ್ಲೂ ಮೆಮೊರಿಗೆ ಹೋಗಿ ಬರುತ್ತದೆ, ಡೀಬಗರ್‌ನಲ್ಲಿ ಎಲ್ಲವೂ ಕಾಣುತ್ತದೆ. ಓಜಿ ಜಿಸಿಸಿ 4.8ರಲ್ಲಿ ಬಂತು. ಡೀಬಗ್ ಮಾಡಲು ತೊಂದರೆಯಾಗದಷ್ಟು ಆಪ್ಟಿಮೈಸೇಶನ್ ಅದರಲ್ಲಿದೆ. ಒಂದೇ ಒಂದು ಎಚ್ಚರಿಕೆ: ಎರಡು ವಿಧಾನಗಳಲ್ಲಿ ಯಾವುದು ವೇಗ ಎಂದು ತೀರ್ಮಾನಿಸಲು ಓ0ಯಲ್ಲಿ ಎಂದೂ ಅಳೆಯಬೇಡಿ. ಅಲ್ಲಿ ಗೆದ್ದ ಕೋಡ್ ಓ2ರಲ್ಲಿ ಸೋಲುವುದು ಸಾಮಾನ್ಯ. ಸಿ++ನಲ್ಲಿ ಇನ್‌ಲೈನ್ ಆಗಿ, ಅಂದರೆ ಕರೆದ ಜಾಗದಲ್ಲೇ ಸೇರಿಕೊಂಡು, ಕರಗಿಹೋಗಬೇಕಾದ ಸಣ್ಣ ಸಣ್ಣ ಫಂಕ್ಷನ್‌ಗಳೆಲ್ಲ ಓ0ಯಲ್ಲಿ ನಿಜವಾದ ಕಾಲ್‌ಗಳಾಗಿ ಉಳಿದು ಚಿತ್ರವನ್ನೇ ತಿರುಚಿಬಿಡುತ್ತವೆ.

ಓ2 ಎದುರು ಓ3

ಬಹಳ ಜನ ತಲೆಕೆಡಿಸಿಕೊಳ್ಳುವುದು ಇಲ್ಲಿ. ಓ3 ಹೆಚ್ಚುವರಿಯಾಗಿ ಮಾಡುವುದೇನು? ಇನ್ನಷ್ಟು ದೊಡ್ಡ ಫಂಕ್ಷನ್‌ಗಳನ್ನೂ ಇನ್‌ಲೈನ್ ಮಾಡುತ್ತದೆ, ಲೂಪಿನೊಳಗಿನ ಬದಲಾಗದ ಷರತ್ತನ್ನು ಹೊರಗೆ ತಂದು ಲೂಪನ್ನೇ ಎರಡು ಪ್ರತಿ ಮಾಡುತ್ತದೆ, ಫಂಕ್ಷನ್‌ಗಳಿಗೆ ವಿಶೇಷ ಪ್ರತಿಗಳನ್ನು ಹುಟ್ಟಿಸುತ್ತದೆ, ಹಲವು ಮೌಲ್ಯಗಳ ಕೆಲಸವನ್ನು ಒಂದೇ ಏಟಿಗೆ ಮುಗಿಸುವ ವೆಕ್ಟರೈಸೇಶನ್ನಿಗೆ ಧಾರಾಳವಾಗಿ ಕೈ ಹಾಕುತ್ತದೆ. ಕೋಡಿನ ಗಾತ್ರ ಬೆಳೆದರೂ ಚಿಂತೆಯಿಲ್ಲ, ಲೂಪುಗಳು ಬಹಳ ಸುತ್ತು ಓಡುತ್ತವೆ ಎನ್ನುವುದು ಅದರ ಬಾಜಿ.

ಎರಡರ ನಡುವಿನ ಅಂತರ ಎಲ್ಲ ಕಂಪೈಲರ್‌ಗಳಲ್ಲಿ ಒಂದೇ ಅಲ್ಲ ಎಂಬುದನ್ನು ಮರೆಯಬಾರದು. ಕ್ಲ್ಯಾಂಗ್ ಬಹಳ ಹಿಂದಿನಿಂದಲೂ ಓ2ರಲ್ಲೇ ವೆಕ್ಟರೈಸ್ ಮಾಡುತ್ತದೆ, ಅದರಲ್ಲಿ ಓ2ಗೂ ಓ3ಗೂ ಇರುವ ವ್ಯತ್ಯಾಸ ಸಣ್ಣದು. ಜಿಸಿಸಿ ಮಾತ್ರ 2022ರಲ್ಲಿ ಬಂದ 12ನೇ ಆವೃತ್ತಿಯವರೆಗೆ ವೆಕ್ಟರೈಸೇಶನ್ ಅನ್ನು ಓ3ಗೇ ಮೀಸಲಿಟ್ಟಿತ್ತು. 12ರಿಂದ ಓ2ರಲ್ಲೂ ಅದು ನಡೆಯುತ್ತದೆ, ಆದರೆ ಬಹಳ ಜಾಗರೂಕವಾದ ಲೆಕ್ಕಾಚಾರದೊಂದಿಗೆ. 'ಓ3 ಕೊಟ್ಟಿದ್ದಕ್ಕೆ ನನ್ನ ಪ್ರೋಗ್ರಾಮ್ ಎರಡು ಪಟ್ಟು ವೇಗವಾಯಿತು' ಎಂದು ಯಾರಾದರೂ ಬರೆದಿದ್ದರೆ, ಯಾವ ಕಂಪೈಲರ್, ಯಾವ ಆವೃತ್ತಿ ಎಂದು ಮೊದಲು ನೋಡಿ.

ಓ3 ಎಲ್ಲಿ ಕೈಕೊಡುತ್ತದೆ? ನನ್ನ ಮಟ್ಟಿಗೆ ಮೊದಲನೆಯ ಅನುಮಾನ ಚಿಕ್ಕ ಲೂಪುಗಳ ಮೇಲೆ. ಬೈಟುಗಳ ಮೇಲೆ ಓಡುವ ಲೂಪನ್ನು ಎವಿಎಕ್ಸ್2 ಎಂಬ ವೆಕ್ಟರ್ ಇನ್‌ಸ್ಟ್ರಕ್ಷನ್‌ಗಳನ್ನು ಬಳಸಿ ವೆಕ್ಟರೈಸ್ ಮಾಡಿದರೆ ಒಂದು ಏಟಿಗೆ 32 ಬೈಟ್ ಮುಗಿಯುತ್ತದೆ. ಕೇಳಲು ಸೊಗಸು. ಆದರೆ ನಿಮ್ಮ ಲೂಪಿಗೆ ಬರುವುದು ಎಂಟು-ಹತ್ತು ಬೈಟಿನ ಪದಗಳಾದರೆ 32 ಬೈಟಿನ ಆ ಮುಖ್ಯ ಭಾಗದೊಳಗೆ ಪ್ರೋಗ್ರಾಮ್ ಕಾಲಿಡುವುದೇ ಇಲ್ಲ. ಎಷ್ಟು ಸುತ್ತು ಎಂಬ ತಪಾಸಣೆ, ಎರಡು ಪಾಯಿಂಟರುಗಳು ಒಂದರ ಮೇಲೊಂದು ಬೀಳುತ್ತವೆಯೇ ಎಂಬ ತಪಾಸಣೆ, ಉಳಿಕೆ ಬೈಟುಗಳ ಲೂಪ್, ಇವಿಷ್ಟರ ಖರ್ಚು ಮಾತ್ರ ಪ್ರತಿ ಪದಕ್ಕೂ ಬೀಳುತ್ತದೆ. ನೇರವಾಗಿ ಓಡುತ್ತಿದ್ದ ಸಾದಾ ಲೂಪಿಗಿಂತ ಇದು ನಿಧಾನವಾಗಬಹುದು.

ಇದೇ ಜಾತಿಯ ಇನ್ನೊಂದು ಸಂಗತಿ ಇದೆ, ಅದು ಓ2ರಲ್ಲೂ ಕಾಡುತ್ತದೆ. ಬೈಟುಗಳನ್ನು ಒಂದೊಂದಾಗಿ ನಕಲು ಮಾಡುವ ಲೂಪನ್ನು ಕಂಡರೆ ಕಂಪೈಲರ್ 'ಇದು ಮೆಮ್‌ಕಾಪಿ' (ನಕಲು ಮಾಡುವ ಲೈಬ್ರರಿ ಫಂಕ್ಷನ್) ಎಂದು ಗುರುತಿಸಿ ಲೂಪಿನ ಜಾಗದಲ್ಲಿ ಮೆಮ್‌ಕಾಪಿಯ ಕಾಲ್ ಇಟ್ಟುಬಿಡುತ್ತದೆ. ದೊಡ್ಡ ಬ್ಲಾಕ್‌ಗಳಿಗೆ ಇದು ನಿಜಕ್ಕೂ ವರ. ಐದಾರು ಬೈಟ್ ನಕಲಿಸುವ ಕಡೆ ಕಾಲಿನ ಖರ್ಚೇ ಕೆಲಸಕ್ಕಿಂತ ದೊಡ್ಡದು. ಲೈಬ್ರರಿ ಇಲ್ಲದ ಪರಿಸರದಲ್ಲಿ ತಮ್ಮದೇ ಮೆಮ್‌ಕಾಪಿ ಬರೆದುಕೊಂಡವರಿಗೆ ಇನ್ನೂ ವಿಚಿತ್ರ ಅನುಭವ ಕಾದಿರುತ್ತದೆ: ಒಳಗಿನ ಲೂಪನ್ನು ಕಂಪೈಲರ್ ಮೆಮ್‌ಕಾಪಿಯ ಕಾಲ್ ಆಗಿ ಬದಲಿಸಿದಾಗ ಆ ಫಂಕ್ಷನ್ ತನ್ನನ್ನೇ ತಾನು ಕರೆಯುತ್ತಾ ಹೋಗುತ್ತದೆ.

ಮೂರನೆಯದು ಕಣ್ಣಿಗೇ ಕಾಣದ್ದು. ಎಂಟೆಂಟು ಬೈಟಿನ ಎರಡು ಮೌಲ್ಯಗಳನ್ನು ಈಗ ತಾನೇ ಮೆಮೊರಿಗೆ ಬರೆದಿದ್ದೀರಿ. ಮುಂದಿನ ಸಾಲುಗಳನ್ನು ವೆಕ್ಟರೈಸ್ ಮಾಡಿದ ಕಂಪೈಲರ್ ಅವೆರಡನ್ನೂ 16 ಬೈಟಿನ ಒಂದೇ ಓದಿನಲ್ಲಿ ಎತ್ತಿಕೊಳ್ಳುತ್ತದೆ. ಪ್ರೊಸೆಸರಿಗೆ ಒಂದು ಬರಹದಿಂದ ಒಂದು ಓದಿಗೆ ಮೌಲ್ಯವನ್ನು ನೇರ ದಾಟಿಸುವುದು ಗೊತ್ತು. ಎರಡು ಬರಹಗಳನ್ನು ಹೊಲಿದು ಒಂದು ಓದಿಗೆ ಕೊಡುವುದು ಸಾಮಾನ್ಯವಾಗಿ ಅದಕ್ಕೆ ಬರುವುದಿಲ್ಲ. ಎರಡೂ ಕ್ಯಾಶ್ (ಪ್ರೊಸೆಸರಿನೊಳಗಿನ ಚಿಕ್ಕ, ವೇಗದ ಮೆಮೊರಿ) ತಲುಪುವವರೆಗೆ ಓದು ಕಾಯುತ್ತದೆ, ಸುಮಾರು ಹತ್ತು-ಹದಿನೈದು ಸೈಕಲ್ ಹೋಗುತ್ತದೆ. ಇನ್‌ಸ್ಟ್ರಕ್ಷನ್‌ಗಳ ಸಂಖ್ಯೆ ಕಡಿಮೆಯಾಗಿದೆ, ಸಮಯ ಹೆಚ್ಚಾಗಿದೆ. ಅಸೆಂಬ್ಲಿಯ (ಓದಬಹುದಾದ ರೂಪದ ಮಷೀನ್ ಕೋಡ್) ಸಾಲು ಎಣಿಸಿ ವೇಗವನ್ನು ಅಂದಾಜಿಸುವವರು ಇಲ್ಲಿ ಮೋಸ ಹೋಗುತ್ತಾರೆ.

ಹಾಗಾದರೆ ಓ3 ಬೇಡವೇ? ಇಮೇಜ್ ಪ್ರೊಸೆಸಿಂಗ್, ಮ್ಯಾಟ್ರಿಕ್ಸ್ ಲೆಕ್ಕ, ಸಿಗ್ನಲ್ ಫಿಲ್ಟರ್, ಕಂಪ್ರೆಶನ್ನಿನ ಒಳಲೂಪುಗಳು, ಇಂಥ ಕಡೆ ಖಂಡಿತ ಬೇಕು. ಉದ್ದವಾದ, ಸರಳವಾದ, ನೇರ ಅರೇಗಳ ಮೇಲೆ ಓಡುವ ಲೂಪುಗಳಿಗೆ ಅದು ಹೇಳಿ ಮಾಡಿಸಿದ ಹಾಗಿದೆ. ಅಂಥ ಫೈಲುಗಳಿಗೆ ಮಾತ್ರ ಓ3 ಕೊಡಿ, ಉಳಿದ ಪ್ರಾಜೆಕ್ಟ್ ಓ2ರಲ್ಲಿರಲಿ. ಫೈಲಿಗೊಂದು ಫ್ಲ್ಯಾಗ್ ಕೊಡುವ ಅನುಕೂಲ ಬಹಳಷ್ಟು ಬಿಲ್ಡ್ ವ್ಯವಸ್ಥೆಗಳಲ್ಲಿ ಇದೆ, ಬಳಸುವವರೇ ಕಡಿಮೆ. ಲಿನಕ್ಸ್ ಕರ್ನಲ್ ಇವತ್ತಿಗೂ ಸಾಮಾನ್ಯವಾಗಿ ಓ2ರಲ್ಲೇ ಬಿಲ್ಡ್ ಆಗುತ್ತದೆ. ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ಚಾರ್ಲಿ ಕರ್ಟ್‌ಸಿಂಗರ್ ಮತ್ತು ಎಮರಿ ಬರ್ಗರ್ 2013ರಲ್ಲಿ ಒಂದು ಪ್ರಯೋಗ ಮಾಡಿದರು. ಪ್ರೋಗ್ರಾಮ್ ಓಡುತ್ತಿರುವಾಗಲೇ ಕೋಡ್, ಸ್ಟ್ಯಾಕ್, ಹೀಪ್‌ಗಳ ಜಾಗವನ್ನು ಮತ್ತೆ ಮತ್ತೆ ಕಲಕಿ, ಜಾಗದ ಅದೃಷ್ಟವನ್ನು ಲೆಕ್ಕದಿಂದ ಹೊರಗಿಟ್ಟು, ಎಲ್‌ಎಲ್‌ವಿಎಂನ (ಕ್ಲ್ಯಾಂಗ್‌ನ ತಳಹದಿ) ಓ2 ಮತ್ತು ಓ3ಗಳನ್ನು ಸ್ಪೆಕ್ ಸಿಪಿಯು2006 ಎಂಬ ವೇಗ ಅಳೆಯುವ ಪ್ರೋಗ್ರಾಮುಗಳ ಮೇಲೆ ಹೋಲಿಸಿದರು. ಓ3ಯಿಂದ ಸಿಕ್ಕ ಲಾಭವನ್ನು ಆಕಸ್ಮಿಕ ಏರಿಳಿತದಿಂದ ಬೇರ್ಪಡಿಸಲು ಆಗಲಿಲ್ಲ.

ಓಎಸ್: ಚಿಕ್ಕದೇ ವೇಗವಾದಾಗ

ಓಎಸ್ (-Os) ಎಂದರೆ ಕೋಡಿನ ಗಾತ್ರವನ್ನು ಚಿಕ್ಕದಾಗಿಡುವ ಆಯ್ಕೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಮಾತು ಇನ್‌ಸ್ಟ್ರಕ್ಷನ್ ಕ್ಯಾಶ್‌ಗೆ ಚೆನ್ನಾಗಿ ಒಪ್ಪುತ್ತದೆ. ಬಹಳಷ್ಟು ಎಕ್ಸ್86 (ಇಂಟೆಲ್, ಎಎಂಡಿ ಮಾದರಿಯ) ಪ್ರೊಸೆಸರ್‌ಗಳಲ್ಲಿ ಒಂದು ಕೋರ್‌ನ ಮೊದಲ ಹಂತದ ಇನ್‌ಸ್ಟ್ರಕ್ಷನ್ ಕ್ಯಾಶ್ 32 ಕಿಲೋಬೈಟ್. ಒಂದೇ ಲೂಪಿನಲ್ಲಿ ಸುತ್ತುವ ಪ್ರೋಗ್ರಾಮಿಗೆ ಅದು ಧಾರಾಳ. ಆದರೆ ಡೇಟಾಬೇಸ್, ಬ್ರೌಸರ್, ಕಂಪೈಲರ್‌ನಂಥ ಪ್ರೋಗ್ರಾಮುಗಳಿಗೆ ಬಿಸಿಯಾದ, ಅಂದರೆ ಮತ್ತೆ ಮತ್ತೆ ಓಡುವ, ಒಂದು ಲೂಪ್ ಎಂಬುದೇ ಇರುವುದಿಲ್ಲ. ಅವು ಸಾವಿರಾರು ಫಂಕ್ಷನ್‌ಗಳ ನಡುವೆ ಅಲೆಯುತ್ತಿರುತ್ತವೆ. ಅಲ್ಲಿ ಇನ್‌ಲೈನ್ ಮಾಡಿ ಮಾಡಿ ಕೋಡ್ ಉಬ್ಬಿಸಿದರೆ ಪ್ರೊಸೆಸರ್ ಮುಂದಿನ ಇನ್‌ಸ್ಟ್ರಕ್ಷನ್ನಿಗಾಗಿ ಬಾಯಿಬಿಟ್ಟು ಕಾಯಬೇಕಾಗುತ್ತದೆ. ಇಂಥ ಪ್ರೋಗ್ರಾಮುಗಳಲ್ಲಿ ಓಎಸ್ ಓ3ಯನ್ನು ಹಿಂದಿಕ್ಕುವುದುಂಟು.

ಆದರೂ ನಾನು ಓಎಸ್ ಅನ್ನು ವೇಗಕ್ಕಾಗಿ ಸಲಹೆ ಮಾಡುವುದಿಲ್ಲ. ಗಾತ್ರ ಉಳಿಸುವ ಭರದಲ್ಲಿ ಅದು ಬಿಸಿ ಜಾಗ, ತಣ್ಣನೆಯ ಜಾಗ ಎಂದು ಭೇದ ಮಾಡುವುದಿಲ್ಲ. ಒಂದು ಉದಾಹರಣೆ: ಸಂಖ್ಯೆಯನ್ನು 10ರಿಂದ ಭಾಗಿಸುವ ಕೋಡನ್ನು ಓ2 ಗುಣಾಕಾರ ಮತ್ತು ಶಿಫ್ಟ್ ಆಗಿ ಬದಲಿಸುತ್ತದೆ. ಎಕ್ಸ್86ರಲ್ಲಿ ಜಿಸಿಸಿಯ ಓಎಸ್ ನಿಜವಾದ ಭಾಗಾಕಾರದ ಇನ್‌ಸ್ಟ್ರಕ್ಷನ್ನನ್ನೇ ಇಡುತ್ತದೆ, ಏಕೆಂದರೆ ಬೈಟ್ ಲೆಕ್ಕದಲ್ಲಿ ಅದು ಚಿಕ್ಕದು. ಸಂಖ್ಯೆಗಳನ್ನು ಪಠ್ಯವಾಗಿ ಮುದ್ರಿಸುವ ಪ್ರೋಗ್ರಾಮಿನಲ್ಲಿ, ಅದರಲ್ಲೂ ಹಳೆಯ ಪ್ರೊಸೆಸರ್ ಮೇಲೆ, ಈ ಉಳಿತಾಯ ದುಬಾರಿ. ಮೈಕ್ರೊಕಂಟ್ರೋಲರ್‌ನ ಫ್ಲ್ಯಾಶ್ ಮೆಮೊರಿಯಲ್ಲಿ ಕೋಡ್ ಹಿಡಿಸಲೇಬೇಕು ಎನ್ನುವವರಿಗೆ ಓಎಸ್. ಇನ್‌ಸ್ಟ್ರಕ್ಷನ್ ಕ್ಯಾಶ್ ತೊಂದರೆ ಇರುವ ದೊಡ್ಡ ಪ್ರೋಗ್ರಾಮಿಗೆ ಸರಿಯಾದ ಮದ್ದು ಪಿಜಿಒ, ಅದು ಮುಂದೆ ಬರುತ್ತದೆ.

ಮಾರ್ಚ್=ನೇಟಿವ್ (-march=native)

ಬಿಲ್ಡ್ ನಡೆಯುತ್ತಿರುವ ಯಂತ್ರದ ಪ್ರೊಸೆಸರಿನಲ್ಲಿ ಏನೇನಿದೆಯೋ ಎಲ್ಲವನ್ನೂ ಬಳಸು ಎಂದು ಹೇಳುವ ಫ್ಲ್ಯಾಗ್ ಇದು. ಬಿಲ್ಡ್ ಮಾಡುವ ಯಂತ್ರ ಮತ್ತು ಓಡಿಸುವ ಯಂತ್ರ ಒಂದೇ ಎನ್ನುವುದು ಇದರ ಬಾಜಿ. ಅದು ತಪ್ಪಿದರೆ ಹಳೆಯ ಪ್ರೊಸೆಸರಿನಲ್ಲಿ ಪ್ರೋಗ್ರಾಮ್ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಎಂದು ಸಾಯುತ್ತದೆ. ಅದಾದರೂ ಕೂಡಲೇ ಗೊತ್ತಾಗುವ ತೊಂದರೆ. ಸದ್ದಿಲ್ಲದೆ ಬರುವ ತೊಂದರೆಗಳೇ ಹೆಚ್ಚು ಕಷ್ಟ.

ಇಂಟೆಲ್ಲಿನ 2017ರ ಸ್ಕೈಲೇಕ್ ಸರ್ವರ್ ಪ್ರೊಸೆಸರ್‌ಗಳಲ್ಲಿ 512 ಬಿಟ್‌ನ ಭಾರೀ ವೆಕ್ಟರ್ ಇನ್‌ಸ್ಟ್ರಕ್ಷನ್‌ಗಳು ಓಡಿದಾಗ ಕೋರ್ ತನ್ನ ಗಡಿಯಾರದ ವೇಗವನ್ನು ಇಳಿಸಿಕೊಳ್ಳುತ್ತಿತ್ತು. ಪ್ರೋಗ್ರಾಮಿನ ಸಣ್ಣ ಭಾಗವೊಂದು ವೇಗವಾಗಿ, ಅದರ ಸುತ್ತಲಿನ ಸಾದಾ ಕೋಡೆಲ್ಲ ನಿಧಾನವಾಗುವ ಪರಿಸ್ಥಿತಿ. ಅದಕ್ಕೇ ಜಿಸಿಸಿ ಮತ್ತು ಕ್ಲ್ಯಾಂಗ್ ಆ ಪ್ರೊಸೆಸರಿಗೆ ಎವಿಎಕ್ಸ್-512 ಇದ್ದರೂ ತಾವಾಗಿ 256 ಬಿಟ್ ಅಗಲವನ್ನೇ ಆಯ್ದುಕೊಳ್ಳುತ್ತವೆ. ಕಂಪೈಲರ್ ಹಿಂಜರಿದಿದೆ ಎಂದು ಅಂದುಕೊಂಡು ಬಲವಂತವಾಗಿ 512 ಮಾಡಿಸುವ ಮುನ್ನ ಇಡೀ ಪ್ರೋಗ್ರಾಮಿನ ಸಮಯ ಅಳೆಯಿರಿ, ಆ ಲೂಪಿನದ್ದಷ್ಟೇ ಸಾಲದು.

ಬೈನರಿ (ಕಂಪೈಲ್ ಆದ ಫೈಲ್) ಬದಲಾಗದಿದ್ದರೂ ಅದರ ವೇಗ ಬದಲಾಗುವುದುಂಟು. ಅಲ್ಲಲ್ಲಿ ಚದುರಿದ ಮೌಲ್ಯಗಳನ್ನು ಒಂದೇ ವೆಕ್ಟರಿಗೆ ಎತ್ತಿಕೊಳ್ಳುವ 'ಗ್ಯಾದರ್' ಇನ್‌ಸ್ಟ್ರಕ್ಷನ್ನಿನಲ್ಲಿ ಡೌನ್‌ಫಾಲ್ ಎಂಬ ಭದ್ರತಾ ದೋಷ ಇರುವುದು 2023ರ ಆಗಸ್ಟ್‌ನಲ್ಲಿ ಬಹಿರಂಗವಾಯಿತು. ಅದನ್ನು ಮುಚ್ಚಲು ಬಂದ ಮೈಕ್ರೊಕೋಡ್ (ಪ್ರೊಸೆಸರಿನೊಳಗಿನ ತಂತ್ರಾಂಶ) ಹಾಕಿದ ಮೇಲೆ, ಆ ದೋಷ ಇದ್ದ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಗ್ಯಾದರ್ ಬಹಳ ನಿಧಾನವಾಯಿತು. ಕಂಪೈಲ್ ಮಾಡಿದ ದಿನ ಲಾಭವೆನಿಸಿದ್ದ ಆಯ್ಕೆ ಅದೇ ಯಂತ್ರದಲ್ಲಿ ನಷ್ಟವಾಗಿ ತಿರುಗಿತು.

ಇನ್ನು ಉತ್ತರಗಳೇ ಬದಲಾಗುವ ವಿಷಯ. ಎಫ್‌ಎಂಎ ಇರುವ ಪ್ರೊಸೆಸರ್ ಸಿಕ್ಕ ಕೂಡಲೇ ಜಿಸಿಸಿ ಗುಣಾಕಾರ ಮತ್ತು ಸಂಕಲನವನ್ನು ಒಂದೇ ಇನ್‌ಸ್ಟ್ರಕ್ಷನ್ನಿಗೆ ಸೇರಿಸುತ್ತದೆ. ಎರಡು ಸಲ ಆಗಬೇಕಿದ್ದ ರೌಂಡಿಂಗ್ ಒಂದೇ ಸಲ ಆಗುತ್ತದೆ. ಉತ್ತರ ಸಾಮಾನ್ಯವಾಗಿ ಇನ್ನಷ್ಟು ನಿಖರವೇ, ಆದರೆ ಹಳೆಯ ಉತ್ತರದ ಕೊನೆಯ ಅಂಕಿಗಳಿಗೆ ಹೊಂದುವುದಿಲ್ಲ. ಬೈಟಿಗೆ ಬೈಟ್ ಹೋಲಿಸುವ ಪರೀಕ್ಷೆಗಳು ಬೀಳುತ್ತವೆ.

ಬೇರೆಯವರ ಯಂತ್ರಗಳಿಗೆ ಹೋಗುವ ಪ್ರೋಗ್ರಾಮಿಗೆ 2020ರಲ್ಲಿ ಗೊತ್ತುಮಾಡಿದ ಎಕ್ಸ್86-64ರ ಮಟ್ಟಗಳನ್ನು ಬಳಸುವುದು ನ್ಯಾಯವಾದ ದಾರಿ. ವಿ3 ಎಂದರೆ ಎವಿಎಕ್ಸ್2 ಮತ್ತು ಎಫ್‌ಎಂಎ ಇರುವ, ಸರಿಸುಮಾರು ಇಂಟೆಲ್ಲಿನ 2013ರ ಹ್ಯಾಸ್‌ವೆಲ್ ಮತ್ತು ಅದರ ನಂತರದ ಮಟ್ಟ. ಎಲ್ಲೆಡೆಯೂ ಓಡಬೇಕು, ಆದರೂ ಎರಡು-ಮೂರು ಫಂಕ್ಷನ್‌ಗಳಿಗೆ ಹೊಸ ಪ್ರೊಸೆಸರಿನ ಲಾಭ ಬೇಕು ಎನ್ನುವವರು ಜಿಸಿಸಿಯ ಟಾರ್ಗೆಟ್-ಕ್ಲೋನ್ಸ್ ಗುಣವನ್ನು ಆ ಫಂಕ್ಷನ್‌ಗಳಿಗೆ ಹಚ್ಚಬಹುದು. ಕಂಪೈಲರ್ ಹಲವು ಪ್ರತಿ ಮಾಡಿಟ್ಟುಕೊಂಡು, ಓಡುವಾಗ ಪ್ರೊಸೆಸರ್ ನೋಡಿ ಆರಿಸಿಕೊಳ್ಳುತ್ತದೆ. ನನಗೆ ಇದು ಬಹಳ ಇಷ್ಟವಾದ ಸೌಲಭ್ಯ.

ಫಾಸ್ಟ್-ಮ್ಯಾತ್: ಇಡೀ ಪ್ರೋಗ್ರಾಮಿಗೆ ಬೇಡ

ದಶಮಾಂಶ ಸಂಖ್ಯೆಗಳನ್ನು ಕೂಡಿಸುವ ಲೂಪನ್ನು ಓ3 ಕೊಟ್ಟರೂ ಕಂಪೈಲರ್ ಲಾಭ ಬರುವ ಹಾಗೆ ವೆಕ್ಟರೈಸ್ ಮಾಡುವುದಿಲ್ಲ. ಸೋಮಾರಿತನವಲ್ಲ, ನಿಯಮ. ಫ್ಲೋಟಿಂಗ್ ಪಾಯಿಂಟಿನಲ್ಲಿ ಕೂಡಿಸುವ ಕ್ರಮ ಬದಲಾದರೆ ಉತ್ತರ ಬದಲಾಗುತ್ತದೆ. 1ರ ಮುಂದೆ 17 ಸೊನ್ನೆ ಇರುವ ಸಂಖ್ಯೆಗೆ 1 ಕೂಡಿಸಿ, ಆಮೇಲೆ ಅದೇ ದೊಡ್ಡ ಸಂಖ್ಯೆಯನ್ನು ಕಳೆಯಿರಿ. ಡಬಲ್‌ನಲ್ಲಿ ಉತ್ತರ 0. ಮೊದಲು ಕಳೆದು ಆಮೇಲೆ 1 ಕೂಡಿಸಿದರೆ ಉತ್ತರ 1. ಕ್ರಮವನ್ನು ಮುಟ್ಟುವ ಅಧಿಕಾರ ಕಂಪೈಲರಿಗಿಲ್ಲ. ಫಾಸ್ಟ್-ಮ್ಯಾತ್ ಆ ಅಧಿಕಾರವನ್ನು ಕೊಡುತ್ತದೆ, ಲೂಪ್ ಹಲವು ಪಟ್ಟು ವೇಗವಾಗುತ್ತದೆ. ಅದನ್ನು ಕಂಡವರು ಇಡೀ ಪ್ರಾಜೆಕ್ಟಿಗೆ ಹಚ್ಚಿಬಿಡುತ್ತಾರೆ.

ತೊಂದರೆ ಏನೆಂದರೆ ಆ ಒಂದು ಅಧಿಕಾರದ ಜೊತೆ ಇನ್ನೂ ಹಲವು ಕೊಟ್ಟಹಾಗಾಗುತ್ತದೆ. ನ್ಯಾನ್ (ಸಂಖ್ಯೆಯೇ ಅಲ್ಲದ ಫಲಿತಾಂಶ) ಮತ್ತು ಅನಂತ ಬರುವುದೇ ಇಲ್ಲ ಎಂದು ಭಾಷೆ ಕೊಟ್ಟಹಾಗೆ. ಆಗ ನೀವು ಎಚ್ಚರಿಕೆಯಿಂದ ಬರೆದ 'ಇದು ನ್ಯಾನ್ ಆಗಿದೆಯೇ' ಎಂಬ ತಪಾಸಣೆಯನ್ನು ಕಂಪೈಲರ್ 'ಎಂದಿಗೂ ಇಲ್ಲ' ಎಂದು ಅಳಿಸಿಹಾಕಬಹುದು. ರೌಂಡಿಂಗ್ ದೋಷವನ್ನು ಹಿಡಿದಿಟ್ಟುಕೊಂಡು ತಿದ್ದುವ ವಿಲಿಯಂ ಕಹಾನ್ ಅವರ ಸಂಕಲನ ವಿಧಾನ ಬೀಜಗಣಿತದ ಕಣ್ಣಿಗೆ ಸೊನ್ನೆಯನ್ನು ಕೂಡಿಸಿದಂತೆ ಕಾಣುತ್ತದೆ, ಫಾಸ್ಟ್-ಮ್ಯಾತ್ ಅದನ್ನೂ ಸರಳಗೊಳಿಸಿ ತೆಗೆದುಬಿಡುತ್ತದೆ. ನಿಖರತೆಗಾಗಿಯೇ ಬರೆದ ಕೋಡ್ ಸದ್ದಿಲ್ಲದೆ ಮಾಯ.

ಇದಕ್ಕಿಂತ ದೂರ ಹೋಗುವ ಪರಿಣಾಮವೂ ಇತ್ತು. ಜಿಸಿಸಿಯಲ್ಲಿ ಎಕ್ಸ್86ಗೆ ಈ ಫ್ಲ್ಯಾಗಿನೊಂದಿಗೆ ಲಿಂಕ್ ಮಾಡಿದ ಶೇರ್ಡ್ ಲೈಬ್ರರಿ ಲೋಡ್ ಆದೊಡನೆ, ಅತಿ ಚಿಕ್ಕ 'ಡೀನಾರ್ಮಲ್' ಸಂಖ್ಯೆಗಳನ್ನೆಲ್ಲ ಸೊನ್ನೆ ಮಾಡು ಎಂದು ಪ್ರೊಸೆಸರಿನ ಸ್ಥಿತಿಯನ್ನೇ ತಿರುಗಿಸುತ್ತಿತ್ತು. ಅಂದರೆ ಯಾರೋ ಬರೆದ ಒಂದು ಲೈಬ್ರರಿಯನ್ನು ಲೋಡ್ ಮಾಡಿದ ಮಾತ್ರಕ್ಕೆ ನಿಮ್ಮ ಪ್ರೋಗ್ರಾಮಿನ ಲೆಕ್ಕ ಬದಲಾಗುತ್ತಿತ್ತು. 2023ರ ಜಿಸಿಸಿ 13ರಲ್ಲಿ ಶೇರ್ಡ್ ಲೈಬ್ರರಿಗಳಿಗೆ ಇದನ್ನು ನಿಲ್ಲಿಸಿದರು. ಓ3 ಮತ್ತು ಫಾಸ್ಟ್-ಮ್ಯಾತ್ ಎರಡನ್ನೂ ಒಟ್ಟಿಗೆ ಕೊಡುವ ಓಫಾಸ್ಟ್ ಅನ್ನು ಕ್ಲ್ಯಾಂಗ್ 2024ರ 19ನೇ ಆವೃತ್ತಿಯಿಂದ ಬಳಸಬೇಡಿ ಎಂಬ ಪಟ್ಟಿಗೆ ಸೇರಿಸಿದೆ. ಎರಡೂ ಒಳ್ಳೆಯ ನಿರ್ಧಾರಗಳು.

ಡೀನಾರ್ಮಲ್ ವಿಷಯ ಬಂದಿದ್ದರಿಂದ ಒಂದು ಮಾತು. ಅವನ್ನು ಸೊನ್ನೆ ಮಾಡುವುದರಿಂದ ನಿಜವಾದ ಲಾಭ ಇರುವ ಕ್ಷೇತ್ರವೂ ಇದೆ. ಆಡಿಯೊ ಫಿಲ್ಟರಿನಲ್ಲಿ ಸದ್ದು ನಿಂತ ಮೇಲೆ ಮೌಲ್ಯಗಳು ಕ್ಷೀಣಿಸುತ್ತಾ ಡೀನಾರ್ಮಲ್ ವಲಯಕ್ಕೆ ಇಳಿಯುತ್ತವೆ. ಅನೇಕ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಅಂಥ ಒಂದೊಂದು ಗುಣಾಕಾರಕ್ಕೂ 100ಕ್ಕೂ ಹೆಚ್ಚು ಸೈಕಲ್ ಹಿಡಿಯುತ್ತದೆ. ಸಂಗೀತ ನುಡಿಯುವಾಗ ಹಗುರವಾಗಿದ್ದ ಪ್ರೋಗ್ರಾಮ್ ನಿಶ್ಶಬ್ದದಲ್ಲಿ ಭಾರವಾಗುತ್ತದೆ. ಅಲ್ಲಿಯೂ ಆ ಥ್ರೆಡ್ಡಿಗೆ ಮಾತ್ರ ಆ ಸ್ಥಿತಿಯನ್ನು ಕೋಡಿನಿಂದಲೇ ಹೊಂದಿಸಿ, ಫ್ಲ್ಯಾಗಿನ ಮೂಲಕ ಬೇಡ.

ಫಾಸ್ಟ್-ಮ್ಯಾತ್‌ನ ಬದಲು ಏನು? ಎರ್‌ನೊ (ದೋಷದ ಸಂಕೇತ ಇಡುವ ವೇರಿಯೆಬಲ್) ಬರೆಯಬೇಕಿಲ್ಲ ಎನ್ನುವ ನೋ-ಮ್ಯಾತ್-ಎರ್‌ನೊ, ಫ್ಲೋಟಿಂಗ್ ಪಾಯಿಂಟ್ ಟ್ರ್ಯಾಪ್ (ಲೆಕ್ಕ ತಪ್ಪಿದಾಗ ಪ್ರೋಗ್ರಾಮನ್ನು ತಡೆಯುವುದು) ಇಲ್ಲ ಎನ್ನುವ ನೋ-ಟ್ರ್ಯಾಪಿಂಗ್-ಮ್ಯಾತ್ ಇವೆರಡನ್ನೂ ಬಹುಪಾಲು ಪ್ರೋಗ್ರಾಮುಗಳು ನೆಮ್ಮದಿಯಿಂದ ಬಳಸಬಹುದು. ವರ್ಗಮೂಲ ಫಂಕ್ಷನ್ ಕಾಲ್ ಆಗದೆ ಒಂದೇ ಇನ್‌ಸ್ಟ್ರಕ್ಷನ್ ಆಗುವುದು ಮೊದಲನೆಯದರಿಂದಲೇ. ಕೂಡಿಸುವ ಲೂಪ್ ವೇಗವಾಗಬೇಕಾದರೆ ನಾಲ್ಕೋ ಎಂಟೋ ಬೇರೆ ಬೇರೆ ಮೊತ್ತಗಳನ್ನು ನೀವೇ ಇಟ್ಟುಕೊಂಡು ಕೊನೆಗೆ ಸೇರಿಸಿ. ಕ್ರಮ ಬದಲಾಯಿಸಿದವರು ನೀವು, ಹಾಗಾಗಿ ಉತ್ತರ ಪ್ರತಿ ಸಲವೂ ಒಂದೇ ಬರುತ್ತದೆ.

ಎಲ್‌ಟಿಒ ಮತ್ತು ಪಿಜಿಒ

ಸಾಮಾನ್ಯವಾಗಿ ಕಂಪೈಲರ್ ಒಂದು ಫೈಲಿನ ಗೋಡೆಯಾಚೆ ನೋಡುವುದಿಲ್ಲ. ಎಲ್‌ಟಿಒ (ಫೈಲುಗಳನ್ನು ಒಂದು ಪ್ರೋಗ್ರಾಮಾಗಿ ಜೋಡಿಸುವ, ಅಂದರೆ ಲಿಂಕ್ ಮಾಡುವ ಹಂತದ ಆಪ್ಟಿಮೈಸೇಶನ್) ಆ ಗೋಡೆ ಒಡೆಯುತ್ತದೆ. ಬೇರೆ ಫೈಲಿನ ಫಂಕ್ಷನ್ ಇನ್‌ಲೈನ್ ಆಗಬಹುದು, ಯಾರೂ ಕರೆಯದ ಫಂಕ್ಷನ್ ಉದುರಬಹುದು. ಖರ್ಚು ಲಿಂಕ್ ಮಾಡುವ ಸಮಯ ಮತ್ತು ಮೆಮೊರಿಯಲ್ಲಿ. ದೊಡ್ಡ ಪ್ರಾಜೆಕ್ಟಿಗೆ ಕ್ಲ್ಯಾಂಗ್‌ನ ತಿನ್‌ಎಲ್‌ಟಿಒ ಸಾಕು. ಒಂದು ಎಚ್ಚರಿಕೆ: ಎರಡು ಬೇರೆ ಫೈಲುಗಳಲ್ಲಿದ್ದ ಕಾರಣಕ್ಕೇ ಬಚಾವಾಗಿದ್ದ ಅನ್‌ಡಿಫೈನ್ಡ್ ಬಿಹೇವಿಯರ್ (ಭಾಷೆಯ ನಿಯಮ ಮೀರಿದ ಕೋಡ್) ದೋಷಗಳು ಎಲ್‌ಟಿಒ ಬಂದ ದಿನ ಹೊರಬರುತ್ತವೆ.

ಪಿಜಿಒ ಮಾತ್ರ ಈ ಪಟ್ಟಿಯಲ್ಲಿ ಬೇರೆ ಜಾತಿಯದು. ಉಳಿದವೆಲ್ಲ ಊಹೆಗಳ ಮೇಲೆ ನಡೆದರೆ, ಇದು ಮೊದಲು ನಿಮ್ಮ ಪ್ರೋಗ್ರಾಮನ್ನು ನಿಮ್ಮದೇ ಡೇಟಾದ ಮೇಲೆ ಓಡಿಸಿ, ಯಾವ ಬ್ರ್ಯಾಂಚ್ ಎಷ್ಟು ಸಲ ಯಾವ ಕಡೆ ಹೋಯಿತು, ಯಾವ ಲೂಪ್ ಎಷ್ಟು ಸುತ್ತು ಓಡಿತು ಎಂದು ಎಣಿಸಿ, ಆ ಲೆಕ್ಕ ಮುಂದಿಟ್ಟುಕೊಂಡು ಮತ್ತೆ ಕಂಪೈಲ್ ಮಾಡುತ್ತದೆ. ಬಿಸಿಯಾದ ಕೋಡೆಲ್ಲ ಒಂದು ಕಡೆ ಗುಂಪಾಗುತ್ತದೆ, ಅಪರೂಪದ ಕೋಡ್ ದೂರ ಸರಿಯುತ್ತದೆ. 2020ರ ಆಗಸ್ಟ್‌ನಲ್ಲಿ ಬಂದ ಕ್ರೋಮ್ 85ರಲ್ಲಿ ಪಿಜಿಒ ಬಳಸಿದ್ದರಿಂದ ಪುಟಗಳು ಶೇ 10ರವರೆಗೆ ವೇಗವಾಗಿ ತೆರೆದುಕೊಳ್ಳುತ್ತವೆ ಎಂದು ಗೂಗಲ್ ಹೇಳಿತು. ಸಿಪೈಥಾನ್ (ಪೈಥಾನ್ ಭಾಷೆಯ ಮುಖ್ಯ ಇಂಟರ್‌ಪ್ರಿಟರ್) ಬಿಲ್ಡ್ ಮಾಡುವಾಗ ಕೊಡುವ 'ಎನೇಬಲ್-ಆಪ್ಟಿಮೈಸೇಶನ್ಸ್' ಆಯ್ಕೆಯ ಹಿಂದಿರುವುದೂ ಪಿಜಿಒ.

ಅದರ ಬಲವೇ ಅದರ ಅಪಾಯ. ತರಬೇತಿಯ ಓಟದಲ್ಲಿ ಒಮ್ಮೆಯೂ ಓಡದ ಫಂಕ್ಷನ್ನನ್ನು ಜಿಸಿಸಿ ವೇಗಕ್ಕಲ್ಲ, ಗಾತ್ರಕ್ಕೆ ಕಂಪೈಲ್ ಮಾಡುತ್ತದೆ. ಯೂನಿಟ್ ಟೆಸ್ಟ್‌ಗಳನ್ನೇ ತರಬೇತಿಗೆ ಬಳಸಿದರೆ ದೋಷಗಳನ್ನು ನಿಭಾಯಿಸುವ ದಾರಿಗಳೇ 'ಬಿಸಿ' ಎಂದು ದಾಖಲಾಗುತ್ತವೆ, ಏಕೆಂದರೆ ಟೆಸ್ಟ್‌ಗಳು ಪರೀಕ್ಷಿಸುವುದು ಹೆಚ್ಚಾಗಿ ಅವನ್ನೇ. ನಿಜವಾದ ಬಳಕೆಯ ತುಣುಕೊಂದನ್ನು ತರಬೇತಿಗೆ ಸಿದ್ಧಮಾಡಿಟ್ಟುಕೊಳ್ಳುವುದು, ಕೋಡ್ ಬದಲಾದಂತೆ ಅದನ್ನೂ ಹೊಸದಾಗಿಡುವುದು ಶ್ರಮದ ಕೆಲಸ. ಅಷ್ಟು ಶ್ರಮಕ್ಕೆ ತಂಡ ಸಿದ್ಧವಿಲ್ಲದಿದ್ದರೆ ಓ2 ಮತ್ತು ಎಲ್‌ಟಿಒದಲ್ಲಿ ನಿಲ್ಲುವುದು ಲೇಸು.

ಆವೃತ್ತಿಯೂ ಒಂದು ಆಯ್ಕೆ

ಫ್ಲ್ಯಾಗುಗಳನ್ನು ಮುಟ್ಟದೆ ಕಂಪೈಲರಿನ ಆವೃತ್ತಿ ಬದಲಿಸಿದರೂ ವೇಗ ಬದಲಾಗುತ್ತದೆ. ಇದಕ್ಕೆ ಸಿಪೈಥಾನ್ 3.14ರ ಕಥೆಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಟೇಲ್ ಕಾಲ್ (ಫಂಕ್ಷನ್ ತನ್ನ ಕೊನೆಯ ಕೆಲಸವಾಗಿ ಇನ್ನೊಂದನ್ನು ಕರೆಯುವುದು) ಆಧಾರದ ಹೊಸ ಇಂಟರ್‌ಪ್ರಿಟರ್ ಶೇ 9ರಿಂದ 15ರಷ್ಟು ವೇಗ ತರುತ್ತದೆ ಎಂಬ ಅಂಕಿ ಮೊದಲು ಹೊರಬಂತು. ಅಳತೆ ಪ್ರಾಮಾಣಿಕವಾಗಿಯೇ ಇತ್ತು. ಆದರೆ 2025ರ ಮಾರ್ಚ್‌ನಲ್ಲಿ ಹೊರಬಿದ್ದ ಸಂಗತಿ ಬೇರೆ: ಹೋಲಿಕೆಗೆ ಬಳಸಿದ ಕ್ಲ್ಯಾಂಗ್ 19ರಲ್ಲಿ, ಕಂಪೈಲ್ ಸಮಯ ಮಿತಿಮೀರದಿರಲೆಂದು ಜಿಗಿತಗಳ ಪ್ರತಿ ಮಾಡುವುದಕ್ಕೆ ಹೊಸ ಮಿತಿಯೊಂದು ಬಂದಿತ್ತು. ಹಳೆಯ ಇಂಟರ್‌ಪ್ರಿಟರಿನಲ್ಲಿ ಪ್ರತಿ ಆಪ್‌ಕೋಡಿನ (ಇಂಟರ್‌ಪ್ರಿಟರ್ ಓಡಿಸುವ ಒಂದು ಆದೇಶ) ಕೊನೆಗೂ ಇರಬೇಕಿದ್ದ ಬೇರೆ ಬೇರೆ ಜಿಗಿತಗಳು ಅದರಿಂದ ಒಂದೇ ಜಾಗಕ್ಕೆ ಸೇರಿಕೊಂಡು ಹಳೆಯದು ನಿಧಾನವಾಗಿತ್ತು. ಹೊಸದು ಓಡಿದ್ದಕ್ಕಿಂತ ಹಳೆಯದು ಕುಂಟಿದ್ದೇ ಹೆಚ್ಚು. ತಿದ್ದಿದ ಅಂಕಿ ಶೇ 3ರಿಂದ 5. ಸಿಪೈಥಾನ್ ತಂಡ ಅದನ್ನು ಬಹಿರಂಗವಾಗಿ ತಿದ್ದಿಕೊಂಡ ರೀತಿ ನನಗೆ ಗೌರವ ಹುಟ್ಟಿಸಿತು.

ಅಳೆಯುವ ಮುನ್ನ

ಹೋಲಿಕೆಯ ತಕ್ಕಡಿಯೇ ಓರೆಯಾಗಿದ್ದರೆ ಇಲ್ಲಿಯವರೆಗಿನ ಮಾತೆಲ್ಲ ವ್ಯರ್ಥ. ಪ್ರೋಗ್ರಾಮ್ ಓಡಿಸುವ ಯುನಿಕ್ಸ್ ಪರಿಸರದ ವೇರಿಯೆಬಲ್‌ಗಳ ಒಟ್ಟು ಗಾತ್ರ ಬದಲಾದರೆ ಸ್ಟ್ಯಾಕ್ ಶುರುವಾಗುವ ಜಾಗ ಸರಿಯುತ್ತದೆ, ಅಷ್ಟರಿಂದಲೇ ಓ3 ಲಾಭವೋ ನಷ್ಟವೋ ಎಂಬ ತೀರ್ಮಾನ ತಲೆಕೆಳಗಾಗಬಹುದು ಎಂದು 2009ರಲ್ಲೇ ಸಂಶೋಧಕರು ತೋರಿಸಿದ್ದಾರೆ. ಆಬ್ಜೆಕ್ಟ್ ಫೈಲುಗಳನ್ನು ಲಿಂಕ್ ಮಾಡುವ ಕ್ರಮಕ್ಕೂ ಇದೇ ಶಕ್ತಿಯಿದೆ. 2019ರ ನವೆಂಬರ್‌ನಲ್ಲಿ ಸ್ಕೈಲೇಕ್ ಕುಟುಂಬಕ್ಕೆ ಬಂದ ಮೈಕ್ರೊಕೋಡ್ ತಿದ್ದುಪಡಿಯ ನಂತರ, 32 ಬೈಟಿನ ಗಡಿಯನ್ನು ದಾಟುವ ಅಥವಾ ಗಡಿಯಲ್ಲೇ ಮುಗಿಯುವ ಜಿಗಿತಗಳು ಡೀಕೋಡ್ ಆದ ಇನ್‌ಸ್ಟ್ರಕ್ಷನ್‌ಗಳ ಕ್ಯಾಶ್‌ನಲ್ಲಿ ನಿಲ್ಲುವುದಿಲ್ಲ. ಸಂಬಂಧವೇ ಇಲ್ಲದ ಫಂಕ್ಷನ್ನಿಗೆ ಒಂದು ಸಾಲು ಸೇರಿಸಿದರೆ ನಿಮ್ಮ ಬಿಸಿ ಲೂಪ್ ಕೆಲವು ಬೈಟ್ ಸರಿದು ನಿಧಾನವಾಗಬಹುದು. ಹಾಗಾಗಿ ಶೇ 2-3ರ ವ್ಯತ್ಯಾಸ ಕಂಡರೆ ಸಂಭ್ರಮಿಸಬೇಡಿ, ಬೇಸರವನ್ನೂ ಪಡಬೇಡಿ. ಎರಡು ಬೈನರಿಗಳನ್ನು ಒಂದಾದ ಮೇಲೊಂದು ಸರದಿಯಲ್ಲಿ ಹಲವು ಸಲ ಓಡಿಸಿ, ಲಿಂಕ್ ಕ್ರಮ ಬದಲಿಸಿಯೂ ವ್ಯತ್ಯಾಸ ಉಳಿಯುತ್ತದೆಯೇ ನೋಡಿ.

ಸಣ್ಣ ಬೆಂಚ್‌ಮಾರ್ಕ್‌ಗಳಲ್ಲಿ ಇನ್ನೊಂದು ಬಲೆ ಇದೆ. ಲೆಕ್ಕ ಹಾಕಿದ ಉತ್ತರವನ್ನು ಎಲ್ಲಿಯೂ ಬಳಸದಿದ್ದರೆ ಕಂಪೈಲರ್ ಲೆಕ್ಕವನ್ನೇ ಅಳಿಸುತ್ತದೆ. 1ರಿಂದ ಎನ್‌ವರೆಗೆ ಕೂಡಿಸುವ ಲೂಪನ್ನು ಕ್ಲ್ಯಾಂಗ್ ಸೂತ್ರವಾಗಿ ಬದಲಿಸಿ ಒಂದು ಗುಣಾಕಾರದಲ್ಲಿ ಮುಗಿಸುತ್ತದೆ. ಎನ್ ಎಷ್ಟೇ ದೊಡ್ಡದಾದರೂ ಸಮಯ ಒಂದೇ ಬಂದರೆ ನೀವು ಅಳೆದಿರುವುದು ಏನನ್ನೂ ಅಲ್ಲ ಎಂದು ತಿಳಿಯಿರಿ.

ಸಮಯದ ಜೊತೆಗೆ ಕಾರಣವನ್ನೂ ಅಳೆಯಬೇಕು. ಲಿನಕ್ಸ್‌ನ ಪರ್ಫ್ ಉಪಕರಣ ಬ್ರ್ಯಾಂಚ್ ತಪ್ಪುಗಳು ಎಷ್ಟು, ಇನ್‌ಸ್ಟ್ರಕ್ಷನ್ ಕ್ಯಾಶ್ ತಪ್ಪಿದ್ದು ಎಷ್ಟು, ಒಂದು ಸೈಕಲ್ಲಿಗೆ ಎಷ್ಟು ಇನ್‌ಸ್ಟ್ರಕ್ಷನ್ ಮುಗಿದವು ಎಂದು ಎಣಿಸಿ ಕೊಡುತ್ತದೆ. ಬ್ರ್ಯಾಂಚ್ ತಪ್ಪು ಹೆಚ್ಚಿದ್ದರೆ ಡೇಟಾದ ಕಡೆ ನೋಡಿ. ಇನ್‌ಸ್ಟ್ರಕ್ಷನ್ ಕ್ಯಾಶ್ ತೊಂದರೆಯಿದ್ದರೆ ಪಿಜಿಒ ಕಡೆ ನಡೆಯಿರಿ. ಎರಡೂ ಇಲ್ಲದೆ ಪ್ರೊಸೆಸರ್ ಡೇಟಾಗಾಗಿ ಮೆಮೊರಿಯನ್ನು ಕಾಯುತ್ತಾ ಕೂತಿದ್ದರೆ, ಓ2, ಓ3 ಯಾವುದೂ ನಿಮ್ಮನ್ನು ಉಳಿಸುವುದಿಲ್ಲ. ಡೇಟಾವನ್ನು ಜೋಡಿಸಿರುವ ರೀತಿಯನ್ನೇ ಬದಲಿಸಬೇಕು.

ಮೊದಲು ನೋಡಿದ ಆ 128ರ ಲೂಪಿಗೆ ಏನು ಮಾಡುವುದು? ಡೇಟಾ ಅಡ್ಡಾದಿಡ್ಡಿಯಾಗಿಯೇ ಬರುತ್ತದೆ ಎಂದು ನಿಮಗೆ ಖಚಿತವಿದ್ದರೆ ಅದನ್ನು ಕಂಪೈಲರಿಗೆ ಹೇಳುವ ದಾರಿಯಿದೆ. ಕ್ಲ್ಯಾಂಗ್‌ನಲ್ಲಿ ಬಿಲ್ಟಿನ್-ಅನ್‌ಪ್ರಿಡಿಕ್ಟಬಲ್, ಜಿಸಿಸಿ 9ರಿಂದ ಇತ್ತೀಚೆಗೆ ಷರತ್ತಿನ ಸಂಭವನೀಯತೆ ಅರ್ಧ ಎಂದು ತಿಳಿಸುವ ಎಕ್ಸ್‌ಪೆಕ್ಟ್-ವಿತ್-ಪ್ರಾಬಬಿಲಿಟಿ. ಇವು ಸಲಹೆ ಮಾತ್ರ, ಒಪ್ಪುವುದು ಬಿಡುವುದು ಕಂಪೈಲರಿಗೆ ಬಿಟ್ಟದ್ದು, ಹಾಗಾಗಿ ಬಂದ ಅಸೆಂಬ್ಲಿಯನ್ನು ಒಮ್ಮೆ ತೆರೆದು ನೋಡಿ. ಹಾಗೆ ಹೇಳಿದ ಸಾಲಿನ ಪಕ್ಕದಲ್ಲೇ ಒಂದು ಕಾಮೆಂಟ್ ಬರೆದಿಡಿ: ಡೇಟಾ ಎಲ್ಲಿಂದ ಬರುತ್ತದೆ, ಅದು ಸಾರ್ಟ್ ಆಗಿಲ್ಲ ಎಂದು ಹೇಗೆ ಗೊತ್ತು, ಯಾವ ಕಂಪೈಲರಿನ ಯಾವ ಆವೃತ್ತಿಯಲ್ಲಿ, ಯಾವ ಪ್ರೊಸೆಸರಿನ ಮೇಲೆ ಅಳೆದಿರಿ. ಎರಡು ವರ್ಷದ ನಂತರ ಬೇರೊಬ್ಬರು ಡೇಟಾ ಕಳಿಸುವ ಕಡೆ ಒಂದು ಸಾರ್ಟ್ ಸೇರಿಸಿ, ಈ ಲೂಪ್ ಏಕೆ ನಿಧಾನವಾಯಿತು ಎಂದು ಹುಡುಕುತ್ತಾ ಬಂದಾಗ ಅವರಿಗೆ ಮೊದಲು ಬೇಕಾಗುವುದು ಆ ನಾಲ್ಕು ಸಾಲು.